ಸಾವಕ್ಕ ಮುಂದೇನು ಮಾಡಿದಳು

ಇಬ್ರಾಹಿಂಪುರ, ವಿಜಯಪುರ
೧೭ ಆಗಸ್ಟ್ ೨೦೨೫, ರವಿವಾರ

ಪ್ರೀತಿಯ ರೇಣುಕಾ,

ಹೇಗಿದ್ದೀಯ ಎಂದು ಕೇಳಲು ಹದಿನೇಳು ವರ್ಷ ತಡವಾಗಿದೆ. ಆದರೂ ಕಾಗದ ಶುರು ಮಾಡಲು ನನಗೆ ಬೇರೆ ದಾರಿ ಗೊತ್ತಿಲ್ಲ. ಹೇಗಿದ್ದೀಯ? ನಿಮ್ಮಪ್ಪ ಖಂಡಪ್ಪ ಕಾಕಾ ಇನ್ನೂ ಕುರಿಯ ಹಿಂದೆ ಹೋಗುತ್ತಾರೆಂದು ನಿನ್ನ ಮಗಳು ಹೇಳಿದಳು. ಮೊಣಕಾಲು ನೋಯುತ್ತಿದ್ದರೂ ಮನೆಯಲ್ಲಿ ಕೂಡುವುದಿಲ್ಲವಂತೆ. ಅವರಿಗೆ ನನ್ನ ನಮಸ್ಕಾರ ತಿಳಿಸು.

ನಮ್ಮವ್ವ ಚೆನ್ನಾಗಿದ್ದಾಳೆ. ಎಪ್ಪತ್ತೆರಡು ತುಂಬಿತು. ಸಕ್ಕರೆ ಕಾಯಿಲೆ ಇದೆ, ಆದರೆ ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿದರೆ ಮುಖ ತಿರುಗಿಸಿ ಕೂಡುತ್ತಾಳೆ. ಅಪ್ಪ ಹೋಗಿ ಆರು ವರ್ಷವಾಯಿತು. ನಿನಗೆ ಯಾರೂ ತಿಳಿಸಿರಲಿಕ್ಕಿಲ್ಲ; ತಿಳಿಸಬೇಕಾದವಳು ನಾನೇ. ರವಿವಾರ ನೀನು ಹಾಸ್ಟೆಲಿನಿಂದ ನಮ್ಮ ಮನೆಗೆ ಬರುತ್ತೀಯೆಂದು ರೈಲ್ವೆ ಗೂಡ್ಸ್ ಶೆಡ್ಡಿನ ಹಮಾಲಿ ಕೆಲಸ ಮುಗಿಸಿ ಬರುವಾಗ ಪೇರಲಹಣ್ಣು ತರುತ್ತಿದ್ದರಲ್ಲ, ನೀನು ಬರುವುದು ನಿಂತ ಮೇಲೂ ಎಷ್ಟೋ ದಿನ ಕೇಳುತ್ತಿದ್ದರು: "ನನ್ನ ಇನ್ನೊಬ್ಬಾಕಿ ಮಗಳು ಯಾಕ ಬರವಲ್ಲಳು?" ನಾನು ಪ್ರತಿಸಲವೂ "ಆಕಿಗೆ ಮನಿ ಕೆಲಸ ಇರತೈತಿ" ಅನ್ನುತ್ತಿದ್ದೆ.

ಈ ಜೂನಿನಲ್ಲಿ ಸಿಂದಗಿಯಿಂದ ಬಬಲೇಶ್ವರಕ್ಕೆ ವರ್ಗವಾಗಿ ಬಂದೆ. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಮುಂಜಾನೆ ಎಂಟರ ಬಸ್ಸಿಗೆ ಹೋಗಿ ಸಂಜೆ ಐದಕ್ಕೆ ತಿರುಗಿ ಬರುತ್ತೇನೆ. ಎರಡನೆಯ ವರ್ಷದ ತರಗತಿಯಲ್ಲಿ ಮೂರನೆಯ ಸಾಲಿನ ಕಿಟಕಿಯ ಪಕ್ಕ ನಿನ್ನ ಲಕ್ಷ್ಮಿ ಕೂಡುತ್ತಾಳೆ. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆ ತಂದೆಯ ಹೆಸರಿದ್ದರೆ ಆಕೆಯ ಹೆಸರಿನ ಮುಂದೆ ರೇಣುಕಾ ಎಂದಿದೆ. ಆ ಹೆಸರಿನವರು ಈ ಸೀಮೆಯಲ್ಲಿ ಮನೆಗೊಬ್ಬರು ಎಂದುಕೊಂಡು ಮುಂದಿನ ಹೆಸರು ಕೂಗಿದೆ.

ಜುಲೈ ಮೂರನೆಯ ವಾರ ಪಾಠದಲ್ಲಿ ಚಿರಂಜೀವಿಗಳ ಮಾತು ಬಂತು. ಮಳೆ ಹಿಡಿದಿತ್ತು, ಹುಡುಗರಿಗೆ ಪಾಠ ಬೇಡವಾಗಿತ್ತು, ನನಗೂ. ಪುಸ್ತಕ ಮುಚ್ಚಿ ಕೇಳಿದೆ: "ಇವರಿಗೆ ಸಾವ ಇಲ್ಲಂತ ಬರದು ಕಥಿ ಮುಗಿಸಿಬಿಡತಾರ. ಆಮ್ಯಾಲ ಅವರು ದಿನಾ ಮುಂಜಾನೆ ಎದ್ದು ಏನ್ ಮಾಡತಾರ? ಯಾರರ ಹೇಳ್ರಿ ನೋಡೂಣು."

"ಎಲ್ಲಾ ವರ್ಲ್ಡ್ ಕಪ್ ನೋಡತಾರ್ರಿ ಮೇಡಂ" ಅಂದ ಫೈಜಲ. "ಮೊದಲ ನೂರು ವರ್ಷ ಬರೇ ಮಲಗತಾರ್ರಿ" ಅಂದ ಬೀರಣ್ಣ. ಎಲ್ಲರೂ ನಕ್ಕರು. ಆಗ ಲಕ್ಷ್ಮಿ ಎದ್ದು ನಿಂತಳು.

"ಮೂವತ್ತು ವರ್ಷಕ್ಕೊಮ್ಮೆ ಊರು ಬಿಡತಾರ್ರಿ. ಇಲ್ಲಂದ್ರ ಮಂದಿ ಹಲ್ಲು ಎಣಸಾಕ ಶುರು ಮಾಡತಾರ."

ರೇಣುಕಾ, ಆ ಮಾತು ಈ ಲೋಕದಲ್ಲಿ ಒಂದೇ ಒಂದು ಕಡೆ ಬರೆದಿದೆ ಎಂದು ನನಗೆ ಗೊತ್ತಿತ್ತು. ಅದು ನನ್ನ ಕಪಾಟಿನಲ್ಲಿತ್ತು.

"ಇದನ್ನ ಎಲ್ಲಿ ಓದೀದಿ?" ಅಂದೆ.

"ಓದಿಲ್ರಿ. ನಮ್ಮವ್ವ ಹೇಳತಾಳ. ಸಾವಕ್ಕನ ಕಥಿ."

ನೆನಪಿದೆಯಲ್ಲ, ಬಿ.ಎ. ಎರಡನೆಯ ವರ್ಷ, ಇತಿಹಾಸದ ತರಗತಿಯ ಹಿಂದಿನ ಬೆಂಚು. ಸರ್ ಬೋರ್ಡಿನ ತುಂಬ ಆದಿಲಶಾಹಿ ಇಸವಿಗಳನ್ನು ಬರೆಯುತ್ತಿದ್ದರು. ನೀನು ನನ್ನ ಮೊಣಕೈ ತಿವಿದು ಕೇಳಿದೆ, "ಗೋಳಗುಮ್ಮಟಕ್ಕ ಸುಣ್ಣಾ ಹೊತ್ತಾಕಿ ಒಬ್ಬಾಕಿ ಇನ್ನೂ ಜೀವಂತ ಇದ್ರ?" ಆಕೆಗೆ ಸಾವಕ್ಕ ಎಂದು ಹೆಸರಿಟ್ಟವಳೂ ನೀನೇ. ಯಮನ ಆಳು ಮನೆಗೆ ಬಂದಾಗ ಆಕೆ ಸುಣ್ಣ ಹೊರಲು ಹೋಗಿದ್ದಳು, ಆತ ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾದು ಹೋದವನು ಮತ್ತೆ ಬರುವುದನ್ನೇ ಮರೆತ. ಅಷ್ಟೇ ಕಾರಣ. ವರವೂ ಇಲ್ಲ, ಶಾಪವೂ ಇಲ್ಲ. ನೀಲಿ ರಟ್ಟಿನ ಇನ್ನೂರು ಪುಟದ ನೋಟ್‌ಬುಕ್ಕು ತಂದೆವು. ಒಂದು ಅಧ್ಯಾಯ ನಿನ್ನದು, ಒಂದು ನನ್ನದು.

ಮೊನ್ನೆ ಮೊದಲಿನಿಂದ ಓದಿದೆ. ನನ್ನ ಅಧ್ಯಾಯಗಳನ್ನು ಓದಲು ನಾಚಿಕೆಯಾಯಿತು. ನನ್ನ ಸಾವಕ್ಕ ಎಲ್ಲ ದೊಡ್ಡ ಘಟನೆಗಳಿಗೂ ಹಾಜರ್. ಮೊಗಲರ ದಂಡು ಬಂದಾಗ ಕೋಟೆಯ ಮೇಲೆ, ಮೊದಲ ರೈಲು ಬಂದಾಗ ಸ್ಟೇಶನ್ನಿನಲ್ಲಿ. ನೀನು ಓದಿ ಕೇಳುತ್ತಿದ್ದೆ: "ಆವತ್ತ ಆಕಿ ಊಟಕ್ಕ ಏನ್ ಮಾಡಿದ್ಳು ಬೇ? ನಾನೂರು ವರ್ಷ ಅಂದ್ರ ಎಷ್ಟ್ ಜ್ವಾಳಾ ಬೀಸಿರಬೇಕು?" ನಿನ್ನ ಸಾವಕ್ಕ ಬೀಸುತ್ತಿದ್ದಳು, ಹೊಲಿಯುತ್ತಿದ್ದಳು, ಊರೂರು ಬದಲಿಸುತ್ತಿದ್ದಳು. ಒಂದು ಕಡೆ ಬರೆದಿದ್ದೀಯ: ಆಕೆಗೆ ಮೊದಲ ಕೂಸಿನ ಮುಖ ಮರೆತುಹೋಗಿದೆ, ಆದರೆ ಅದರ ತಲೆ ಎಷ್ಟು ಭಾರವಿತ್ತೆಂದು ಎಡಗೈಗೆ ಇನ್ನೂ ನೆನಪಿದೆ. ಇಪ್ಪತ್ತು ವರ್ಷದ ಹುಡುಗಿಗೆ ಅದು ಹೇಗೆ ತಿಳಿದಿತ್ತೋ. ನಾನು ಕನ್ನಡ ಎಂ.ಎ. ಮಾಡಿದೆ, ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಅಂಥ ಒಂದು ಸಾಲು ನನಗೆ ಬಂದಿಲ್ಲ.

ನೀನು ತಿಕೋಟಾಕ್ಕೆ ಮದುವೆಯಾಗಿ ಹೋದ ಮೇಲೂ ಸಾವಕ್ಕ ನಿಲ್ಲಲಿಲ್ಲ. ತಿಕೋಟಾ ಬಸ್ಸಿನ ಕಂಡಕ್ಟರ್ ದಾವಲಸಾಬ ನೋಟ್‌ಬುಕ್ಕನ್ನು ಪೇಪರಿನಲ್ಲಿ ಸುತ್ತಿ ಟಿಕೆಟ್ ಚೀಲದ ಜೊತೆ ತರುತ್ತಿದ್ದರು. "ಏನವ್ವಾ, ಇಬ್ಬರೂ ಸೇರಿ ಪರೀಕ್ಷಾಕ್ಕ ಕುಂತೀರೇನು?" ಎಂದು ಕೇಳುತ್ತಿದ್ದರು. ಮೊದಮೊದಲು ತಿಂಗಳಿಗೆ ಒಮ್ಮೆ ಬರುತ್ತಿತ್ತು. ಆಮೇಲೆ ಮೂರು ತಿಂಗಳಿಗೆ ಒಮ್ಮೆ. ಎರಡು ಸಾವಿರದ ಏಳರ ದೀಪಾವಳಿ ಆದ ಮೇಲೆ ನಿನ್ನ ಕಡೆಯ ಅಧ್ಯಾಯ ಬಂತು. ಒಂದೂವರೆ ಪುಟ. ಅಕ್ಷರ ಓರೆಯಾಗಿದ್ದವು. ಈಗ ನೋಡಿಯೇ ಬರೆಯುತ್ತಿದ್ದೇನೆ:

"ಸಾವಕ್ಕ ಸಾಯುವುದಿಲ್ಲವೆಂದು ಈ ಮನೆಯವರಿಗೆ ಗೊತ್ತಾಗಿದೆ. ಸಾಯದವಳನ್ನು ಹೊಡೆಯಲು ಅಂಜಿಕೆ ಎಲ್ಲಿಯದು. ಹೊಡೆದ ಮೇಲೂ ರೊಟ್ಟಿ ಮಾಡುತ್ತಾಳೆ. ಆಕೆಗೆ ಮುಂದೆ ಎಷ್ಟು ವರ್ಷ ಇದೆಯೋ ಅಷ್ಟೂ ವರ್ಷ ಇಲ್ಲೇ ಇದೆ. ಮುಂದಿನದು ನೀನು ಬರಿ."

ಆಗ ನಾನು ಖಾಸಗಿ ಕಾಲೇಜೊಂದರಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದೆ. ಕೈಯಲ್ಲಿ ಯಾವಾಗಲೂ ಕೆಂಪು ಪೆನ್ನು. ನಿನ್ನ ಒಂದೂವರೆ ಪುಟದಲ್ಲಿ ಏಳು ಕಾಗುಣಿತದ ತಪ್ಪು ತಿದ್ದಿದೆ. ಪಕ್ಕದಲ್ಲಿ ಬರೆದೆ: "ನಾನೂರು ವರ್ಷ ಬದುಕಿದವಳು ಹೀಗೆ ಅಳುವುದು ಪಾತ್ರಕ್ಕೆ ಹೊಂದುವುದಿಲ್ಲ. ಊರು ಬಿಡಿಸು." ನೀನು ಬಿಡಿಸಲಿಕ್ಕಿಲ್ಲವೆಂದು ನಾನೇ ಮುಂದಿನ ಅಧ್ಯಾಯದಲ್ಲಿ ಆಕೆಯನ್ನು ಸೊಲ್ಲಾಪುರದ ಗಿರಣಿಗೆ ಕಳಿಸಿ, ಮುಷ್ಕರದಲ್ಲಿ ಭಾಷಣ ಮಾಡಿಸಿದೆ. ಹನ್ನೊಂದು ಪುಟ ಭಾಷಣ, ರೇಣುಕಾ.

ಅದನ್ನು ಓದಿ ಮೂರು ತಿಂಗಳಿಗೆ ನೀನು ಬಂದೆ. ಫೆಬ್ರುವರಿ. ನಿಮ್ಮ ಮನೆಯವರೆಲ್ಲ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿದ್ದರು, ಬಳೆ ತರುತ್ತೇನೆಂದು ಹೇಳಿ ಬಂದಿದ್ದೆ. ಐದು ತಿಂಗಳಾಗಿತ್ತು ನಿನಗೆ. ಸಿದ್ಧೇಶ್ವರ ಗುಡಿಯ ಹತ್ತಿರದ ಚಹಾದ ಹೋಟೆಲಿನಲ್ಲಿ ಒಳಗಿನ ಮೇಜಿಗೆ ಕೂತೆವು. ನಾನು ನನ್ನ ಕೆಲಸ, ಪರೀಕ್ಷೆ, ಇಂಟರ್‌ವ್ಯೂ ಎಂದು ಒಂದೇ ಸಮನೆ ಹೇಳಿದೆ. ನೀನು ಕೇಳಿದೆ. ಆಮೇಲೆ ನೋಟ್‌ಬುಕ್ಕು ತೆಗೆದು ಮೇಜಿನ ಮೇಲೆ ಇಟ್ಟು, "ಊರು ಬಿಡಸಂತ ಬರದಿ. ಬಿಟ್ಟು ಎಲ್ಲಿಗ್ ಹೋಗಬೇಕ ಬೇ ಆಕಿ? ಆಕಿಗೆ ಯಾರದರ ಮನಿ ಐತೇನು?" ಅಂದೆ.

"ಕಥ್ಯಾಗ ಮನಿಗೇನ್ ಕಡಿಮಿ?" ಅಂದೆ ನಾನು. "ಹೊಸಾದೊಂದು ಊರು ಕಟ್ಟೂಣಂತ."

ನೀನು ಚಹಾ ಮುಗಿಸಿದೆ. "ಇನ್ನ ಇದನ್ನ ನೀನ ಇಟ್ಕೋ" ಎಂದು ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿದೆ. ನಾಲ್ಕಕ್ಕೆ ನನಗೆ ಕ್ಲಾಸಿತ್ತು, ಎದ್ದೆವು.

ಆಗ ನನಗೆ ತಿಳಿಯಲಿಲ್ಲ, ರೇಣುಕಾ. ಕಥೆಯನ್ನು ಕಥೆ ಎಂದೇ ತಿಳಿದೆ. ಪುಸ್ತಕ ಓದಿ ಓದಿ ಕಣ್ಣು ಹಾಗಾಗಿತ್ತು. ಒಂದು ವರ್ಷದ ಮೇಲೆ ನೀನು ಕಾಖಂಡಕಿಗೆ ತವರಿಗೆ ಬಂದಿದ್ದೀಯೆಂದು ಯಾರೋ ಹೇಳಿದರು. ಬರೆಯಬೇಕು ಅಂದುಕೊಂಡೆ. ಸಿಂದಗಿಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಂದ ಬರೆಯುತ್ತೇನೆ ಅಂದುಕೊಂಡೆ. ಅಪ್ಪ ಹೋದಾಗಲಾದರೂ ಬರೆಯಬಹುದಿತ್ತು.

ಲಕ್ಷ್ಮಿ ತರಗತಿಯಲ್ಲಿ ಆ ಮಾತು ಹೇಳಿದ ಮರುದಿನ, ಆಕೆಯಿಂದಲೇ ಕೇಳಿ ತಿಳಿದು, ನಿನ್ನ ಹೊಲಿಗೆ ಅಂಗಡಿಗೆ ಬಂದಿದ್ದೆ. ಇದು ನಿನಗೆ ಗೊತ್ತಿಲ್ಲ. ಬಬಲೇಶ್ವರದ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನೀನು ಹೊಲಿಗೆ ಯಂತ್ರದ ಮುಂದೆ ಬಾಗಿಲಿಗೆ ಎಡಮಗ್ಗುಲಾಗಿ ಕೂತಿದ್ದೆ. ಕೂದಲು ಬೆಳ್ಳಗಾಗಿದೆ. ಹಸಿರು ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ. ಮೆಟ್ಟಿಲಲ್ಲಿ ನಿಂತು "ರೇಣುಕಾ" ಅಂದೆ. ಯಂತ್ರ ನಿಂತಾಗ ಇನ್ನೊಮ್ಮೆ ಅಂದೆ. ನೀನು ತಲೆಯೆತ್ತಲಿಲ್ಲ. ದಾರ ಹಲ್ಲಿನಿಂದ ಕಡಿದು ಮತ್ತೆ ತುಳಿಯತೊಡಗಿದೆ. ನನ್ನ ದನಿ ಗುರುತು ಹಿಡಿದೂ ಬೇಕೆಂದೇ ತಿರುಗಲಿಲ್ಲ ಎಂದುಕೊಂಡೆ. ಹಾಗೆ ಮಾಡುವ ಹಕ್ಕು ನಿನಗಿದೆ ಎಂದುಕೊಂಡು ಬಸ್ಸು ಹತ್ತಿದೆ. ಸುಳ್ಳೇಕೆ ಹೇಳಲಿ, ಒಂದು ರೀತಿ ಹಗುರವೂ ಆಯಿತು. ಮೂರು ವಾರ ಮೂರನೆಯ ಸಾಲಿನ ಕಡೆ ನೋಡದೆ ಪಾಠ ಮಾಡಿದೆ.

ಕಳೆದ ಬುಧವಾರ ಲಕ್ಷ್ಮಿ ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಒಂದು ಕಡೆ ತಾಯಿಯ ಆಧಾರ್ ನಂಬರು ಬಿಟ್ಟುಹೋಗಿತ್ತು. "ಅವ್ವಗ ಫೋನ್ ಹಚ್ಚಿ ಕೇಳು" ಅಂದೆ.

"ಫೋನಿನ್ಯಾಗ ಆಗಂಗಿಲ್ರಿ. ನಮ್ಮವ್ವಗ ಎಡಗಿವಿ ಪೂರಾ ಕೇಳಂಗಿಲ್ಲ. ಬಲಗಿವೀನೂ ಈಗ ಕಡಿಮಿ ಆಗೇತಿ. ಎದುರಿಗೆ ನಿಂತ ಮಾತಾಡಬೇಕ್ರಿ."

"ಯಾವಾಗಿಂದ?"

"ನಾ ಹೊಟ್ಯಾಗ ಇದ್ದಾಗಿಂದ್ರಿ. ವಿಜಾಪುರಕ್ಕ ಬಳಿ ತರಾಕ ಹೋಗಿದ್ಳಂತ. ಬರೂದು ತಡಾ ಆತು, ಕೈಯಾಗ ಬಳಿನೂ ಇಲ್ಲಂತ ನಮ್ಮಪ್ಪ ಹೊಡದ್ನಂತ. ಕಿವಿಯಿಂದ ರಕ್ತ ಬಂತಂತ. ಮರುದಿನ ಅವ್ವನ ಅಪ್ಪ, ನಮ್ಮ ಮುತ್ಯಾ, ಬಂದು ಕಾಖಂಡಕಿಗೆ ಕರಕೊಂಡು ಹೋದ."

ಬಸ್ಸಿನ ವೇಳೆ ಹೇಳುವವಳ ಹಾಗೆ ಹೇಳಿದಳು. ಬಳೆ ಕೊಳ್ಳಲು ಇದ್ದ ಹೊತ್ತನ್ನೆಲ್ಲ ನೀನು ನನ್ನ ಮಾತು ಕೇಳುತ್ತಾ ಕಳೆದಿದ್ದೆ.

ಏನಾದರೂ ಕೇಳಬೇಕಲ್ಲ ಎಂದು, "ನಿಮ್ಮವ್ವನ ಸಾವಕ್ಕ ಈಗ ಎಲ್ಲಿ ಅದಾಳ?" ಅಂದೆ. ಆಗ ಆಕೆಯ ಮುಖ ಅರಳಿತು. ಕುರ್ಚಿ ಎಳೆದು ಕೂತಳು. ನಿನ್ನ ಹಾಗೆಯೇ ಹೇಳುವಾಗ ಬೆರಳು ಮಡಚುತ್ತಾಳೆ.

ಸಾವಕ್ಕ ಈಗ ದ್ರಾಕ್ಷಿ ಒಣಗಿಸುವ ಮನೂಕದ ಶೆಡ್ಡುಗಳಲ್ಲಿ ಕೂಲಿಗೆ ಹೋಗುತ್ತಾಳಂತೆ, ಎಲ್ಲಿಯೂ ಒಂದು ಸುಗ್ಗಿಗಿಂತ ಹೆಚ್ಚು ನಿಲ್ಲುವುದಿಲ್ಲವಂತೆ. ಕೊರೋನಾದಲ್ಲಿ ಯಾರೂ ಮುಟ್ಟದ ಹೆಣಗಳನ್ನು ತೊಳೆದಳಂತೆ. ಟಂಟಂ ಆಟೋ ನಡೆಸಲು ಕಲಿತಿದ್ದಾಳೆ, ಲೈಸೆನ್ಸ್ ಮಾತ್ರ ಸಿಕ್ಕಿಲ್ಲ, ಹುಟ್ಟಿದ ತಾರೀಕು ಕೊಡಲು ಬರುವುದಿಲ್ಲ. ಇದಕ್ಕೆ ನಾವಿಬ್ಬರೂ ನಕ್ಕೆವು. ಆಮೇಲೆ ಲಕ್ಷ್ಮಿ ಅಂದಳು:

"ಆಕಿದು ಖರೇ ಕೆಲಸ ಬ್ಯಾರೇನ ಐತ್ರಿ. ಯಾವ ಊರಿಗೆ ಹೋದ್ರೂ ಹೆಣ್ಮಕ್ಕಳ ಹಂತ್ಯಾಕ ಕುಂತು ಕೇಳತಾಳ. ಉಂಡೀದೇನು, ನಿದ್ದಿ ಮಾಡೀದೇನು, ಯಾರರ ಮೈಮ್ಯಾಲ ಕೈ ಮಾಡ್ಯಾರೇನು. ಒಮ್ಮೆ ಕೇಳಿದ್ರ ಯಾರೂ ಹೇಳಂಗಿಲ್ಲಲ್ರಿ. ಅದಕ್ಕ ಮೂರು ಸಲ ಕೇಳತಾಳ. ಸಾಯೂದ ಇಲ್ಲಂದಮ್ಯಾಲ ಆಕಿಗೆ ಪುರಸೊತ್ತು ಭಾಳ ಐತ್ರಿ."

ನಾನು ಪಾಠ ಹೇಳುವ ಪುಸ್ತಕಗಳಲ್ಲಿ ಸಾವಿಲ್ಲದವರು ಬೇಕಾದಷ್ಟಿದ್ದಾರೆ. ಕೆಲವರು ಕಾಡಿನಲ್ಲಿ ತಪಸ್ಸು ಮಾಡುತ್ತಾರೆ, ಕೆಲವರು ಹಳೆಯ ಗಾಯ ಹೊತ್ತು ಅಲೆಯುತ್ತಾರೆ. ಯಾರಿಗೂ ಒಂದು ಕೆಲಸ ಎಂಬುದಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು, ಕಿವಿ ಕೇಳದೆ, ಮಗಳನ್ನು ಬೆಳೆಸುತ್ತಾ, ನೀನು ಆಕೆಗೆ ಒಂದು ಕೆಲಸ ಕೊಟ್ಟಿದ್ದೀಯ. ಆ ಕೆಲಸ ಯಾರು ಮಾಡಬೇಕಿತ್ತೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಡೆಗೆ ಕೇಳಿದೆ, "ಆಕಿಗೆ ಗೆಳತಿ ಯಾರರ ಅದಾರೇನು?"

ಲಕ್ಷ್ಮಿ ಯೋಚಿಸಿದಳು. "ಇಲ್ರಿ ಮೇಡಂ. ಆಕಿ ಒಬ್ಬಾಕಿನ."

ನಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ಊರಿನಲ್ಲೂ ಸಾವಕ್ಕನಿಗೆ ಒಬ್ಬ ಗೆಳತಿ ಇರುತ್ತಿದ್ದಳು, ಅದು ನಾನು ಹಟ ಹಿಡಿದು ಮಾಡಿಸಿದ ನಿಯಮ. ನೀನು ಆ ಗೆಳತಿಯನ್ನು ತೆಗೆದಿದ್ದೀಯ. ನಿನ್ನ ಕಥೆ, ನೀನು ಸರಿಯಾಗಿಯೇ ಮಾಡಿದ್ದೀಯ.

ಲಕ್ಷ್ಮಿಗೆ ನಾನು ಯಾರೆಂದು ಹೇಳಿಲ್ಲ. ಕನ್ನಡದ ಮೇಡಂ ಒಂದು ಕಾಗದ ಕೊಟ್ಟಿದ್ದಾರೆ ಎಂದಷ್ಟೇ ಆಕೆಗೆ ಗೊತ್ತಿರುತ್ತದೆ. ಹೇಳುವುದು ಬಿಡುವುದು ನಿನ್ನ ಇಚ್ಛೆ. ನೋಟ್‌ಬುಕ್ಕನ್ನೂ ಜೊತೆಗೆ ಕಳಿಸುತ್ತಿದ್ದೇನೆ. ಕೆಂಪು ಮಸಿ ಅಳಿಸಲು ನೋಡಿದೆ, ಕಾಗದ ಹರಿಯತೊಡಗಿತು, ಬಿಟ್ಟೆ. ಕೊನೆಯಲ್ಲಿ ನಲವತ್ತೊಂದು ಪುಟ ಖಾಲಿ ಇವೆ. ಅವು ನಿನ್ನವು, ನಾನು ಏನೂ ಬರೆದಿಲ್ಲ.

ಉತ್ತರ ಬರಿ ಎಂದು ಕೇಳುವುದಿಲ್ಲ. ಅಂಗಡಿಗೆ ಮತ್ತೆ ಬಂದರೆ ಎದುರಿಗೆ ಬಂದು ನಿಲ್ಲುತ್ತೇನೆ. ನೀನು ತಲೆಯೆತ್ತಿ ನೋಡಿ "ಹೋಗು" ಎಂದರೆ ಹೋಗುತ್ತೇನೆ. ನಿನಗೆ ಬರೆಯುತ್ತಿದ್ದೇನೆಂದು ಅವ್ವನಿಗೆ ಹೇಳಿದೆ. ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿದ್ದವಳು ಕೈ ನಿಲ್ಲಿಸಿ, "ಕೂಸಿನ್ನ ಕರಕೊಂಡು ಬರಾಕ ಹೇಳು. ಆಕಿಗೆ ನನ್ನ ಹಿಂಡಿ ಭಾಳ ಸೇರತಿತ್ತು" ಅಂದಳು. ದಿನಾ ಸಂಜೆ ಬುದ್ಧವಂದನೆ ಮಾಡುವಾಗ ಆಕೆ ಎಲ್ಲರ ಹೆಸರು ಹೇಳಿ ಒಳ್ಳೆಯದಾಗಲಿ ಅನ್ನುತ್ತಾಳೆ. ಇವತ್ತು ನಿನ್ನ ಹೆಸರೂ ಲಕ್ಷ್ಮಿಯ ಹೆಸರೂ ಸೇರಿದವು. ನನ್ನ ಹಾರೈಕೆಯೂ ಅದೇ. ಮಗಳು ಓದಲಿ, ತನ್ನ ಕಾಲ ಮೇಲೆ ನಿಲ್ಲಲಿ. ನಿನ್ನ ಉಳಿದ ಕಿವಿ ಉಳಿಯಲಿ. ಖಂಡಪ್ಪ ಕಾಕಾರ ಮೊಣಕಾಲು ಗುಣವಾಗಲಿ.

ಇಂತಿ,
ವಿಶಾಖಾ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ. ಮತ್ತೆ ತೆರೆದೆ. ಮೇಲೆ "ಆಗ ನನಗೆ ತಿಳಿಯಲಿಲ್ಲ" ಎಂದು ಬರೆದಿದ್ದೇನೆ. ಅದು ನಿಜವಲ್ಲ.

ಹೋಟೆಲಿನಲ್ಲಿ ನೀನು ಚಹಾದ ಕಪ್ಪಿಗೆ ಕೈ ಚಾಚಿದಾಗ ಸೆರಗು ಸರಿಯಿತು. ಮೊಣಕೈಯ ಮೇಲೆ ನಾಲ್ಕು ಬೆರಳಿನ ಗುರುತು ಕಪ್ಪಾಗಿ ಕಂಡಿತು. ಅದರ ಕೆಳಗೆ ಹಳೆಯದೊಂದು, ಹಳದಿಯಾಗಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ನೀನೂ ನೋಡಿದೆ, ಸೆರಗು ಎಳೆದುಕೊಳ್ಳದೆ ಕೈಯನ್ನು ಅಲ್ಲೇ ಇಟ್ಟುಕೊಂಡು ಕಾದೆ. ಆಗ ನನಗೆ ನಿನ್ನ ಮದುವೆಯ ಊಟ ನೆನಪಾಯಿತು. ನಾನೂ ಅವ್ವನೂ ಎಲೆಯ ಮುಂದೆ ಕೂತಿದ್ದೆವು. ನಿಮ್ಮತ್ತೆಯ ಕಡೆಯವರು ಬಂದು "ನೀವು ಯಾವ ಮಂದಿ?" ಎಂದು ಕೇಳಿ, ಎಬ್ಬಿಸಿ, ಹಂದರದ ಹಿಂದೆ ಎಂಜಲೆಲೆ ಒಗೆಯುವ ಕಡೆ ಕೂಡಿಸಿದರು. ನೀನು ಹಸಿರು ಬಳೆ ತೊಟ್ಟು ಆ ದಾರಿಯಲ್ಲೇ ಹಾದು ಹೋದೆ. ನಮ್ಮನ್ನು ನೋಡಿ ತಲೆ ತಗ್ಗಿಸಿದೆ. ನಮ್ಮವ್ವ ನಿನಗೆ ಮೂರು ವರ್ಷ ಉಣ್ಣಲು ಬಡಿಸಿದವಳು. ನಾನು ಅದನ್ನು ಯಾವತ್ತೂ ನಿನ್ನ ಹತ್ತಿರ ಆಡಲಿಲ್ಲ, ನೋಟ್‌ಬುಕ್ಕಿನಲ್ಲೂ ಬರೆಯಲಿಲ್ಲ, ಇಟ್ಟುಕೊಂಡಿದ್ದೆ. ನಿನ್ನ ಕೈ ನೋಡಿದಾಗ ನನ್ನ ಮನಸ್ಸಿನಲ್ಲಿ ಬಂದದ್ದು "ಅಯ್ಯೋ" ಅಲ್ಲ. "ಈಗ ಆಕೆಗೂ ತಿಳಿಯಲಿ" ಎಂದು ಬಂತು. ಹೊಸ ಊರು ಕಟ್ಟೋಣ ಎಂದು ನಾನು ನಕ್ಕು ಹೇಳಿದ್ದು ಅದಾದ ಮೇಲೆ.

ಅದು ಒಂದು ಗಳಿಗೆಯ ಮಾತಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಿನ್ನ ಜೊತೆ ನಡೆದು ಬಂದೆ, ನಿನ್ನ ಚೀಲ ಹಿಡಿದುಕೊಂಡೆ, ಸೀಟು ಹಿಡಿದು ಕೊಟ್ಟೆ. ಅಷ್ಟು ಹೊತ್ತೂ ಅದು ನನ್ನ ಮನಸ್ಸಿನಲ್ಲಿತ್ತು. ತಿಕೋಟಾ ಬಸ್ಸು ಹೊರಟಾಗ ನೀನು ಕಿಟಕಿಯಿಂದ ಕೈ ಬೀಸಿದೆ. ನಾನೂ ಬೀಸಿದೆ.